ಹೊಳೆದಂಡೆಗೆ ಒಂದು ಗಾಡಿ ಕ್ರಿಸ್‌ಮಸ್ ಸೌದೆ

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ಈ ಪ್ರಕರಣದಲ್ಲಿ ನನ್ನದೇನೂ ತಪ್ಪಿಲ್ಲ. ನಾನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು, ನೋಡಿದವರ ಕಣ್ಣು ಸರಿಯಿರಲಿಲ್ಲ. ಇದನ್ನು ನಾನು ಕ್ರಿಸ್‌ಮಸ್ಸಿನ ಹಿಂದಿನ ದಿನದಿಂದ ಹೇಳುತ್ತಲೇ ಬಂದಿದ್ದೇನೆ. ಕೇಳುವವರು ಯಾರೂ ಇಲ್ಲ.

ನನ್ನ ಹೆಸರು ನರಸಿಂಹಮೂರ್ತಿ. ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು, ಬದುವಿನ ಜಗಳಗಳಲ್ಲಿ ಎರಡೂ ಕಡೆಯವರಿಂದ ಬೈಸಿಕೊಂಡು ನಿವೃತ್ತನಾದವನು. ಹೊಳೆನರಸೀಪುರದಲ್ಲಿ ಸರ್ವೆ ಮೂರ್ತಿಯ ಮನೆ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ, ತೋರಿಸುವಾಗ ಸ್ವಲ್ಪ ದೂರದಲ್ಲೇ ನಿಲ್ಲುತ್ತಾರೆ. ನನಗೆ ಸಿಟ್ಟು ಜಾಸ್ತಿ ಎಂದು ಒಂದು ಅಪವಾದವಿದೆ. ನಮ್ಮೂರ ದೇವರೂ ನರಸಿಂಹನೇ. ಆದರೆ ಅವನು ಲಕ್ಷ್ಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಂದೋ ಶಾಂತನಾಗಿದ್ದಾನೆ. ನಾನಿನ್ನೂ ಕಂಬ ಒಡೆದು ಹೊರಗೆ ಬಂದ ಗಳಿಗೆಯಲ್ಲೇ ಇದ್ದೇನೆ ಎಂದು ನನ್ನ ಹೆಂಡತಿ ಸರೋಜ ಹೇಳುತ್ತಾಳೆ. ಬಿಪಿ ಮಾತ್ರೆಯನ್ನು ತೀರ್ಥ ಕೊಡುವ ಹಾಗೆ ಎರಡು ಹೊತ್ತೂ ನನ್ನ ಅಂಗೈಗೆ ಹಾಕುವವಳು ಅವಳೇ.

ನಮ್ಮ ಮಹಡಿ ಮನೆಯಲ್ಲಿ ಎಮಿಲಿ ಎಂಬ ಹುಡುಗಿ ಬಾಡಿಗೆಗೆ ಇದ್ದಾಳೆ. ಅಮೆರಿಕದ ದಕ್ಷಿಣದಲ್ಲಿ ಲೂಯಿಸಿಯಾನ ಎಂಬ ರಾಜ್ಯವಿದೆಯಲ್ಲ, ಅಲ್ಲಿಯವಳು. ಹೊಯ್ಸಳರ ಗುಡಿಗಳ ಗೋಡೆಯ ಮೇಲೆ ಸಾಲಾಗಿ ಕೆತ್ತಿರುವ ಆನೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ಬೆಳಿಗ್ಗೆ ಬಸ್ ಹತ್ತಿ ಯಾವುದೋ ಹಳ್ಳಿಗೆ ಹೋಗಿ, ಆನೆ ನೋಡಿಕೊಂಡು ಸಂಜೆ ಬರುತ್ತಾಳೆ. ಕನ್ನಡವನ್ನು ಪುಸ್ತಕದಿಂದ ಕಲಿತದ್ದರಿಂದ ತರಕಾರಿ ಗಾಡಿಯವನಿಗೂ "ದಯವಿಟ್ಟು ನನಗೆ ಅರ್ಧ ಕಿಲೋ ಹುರುಳಿಕಾಯಿಯನ್ನು ಕೊಡುವಿರಾ" ಎನ್ನುತ್ತಾಳೆ. ಅವನು ಗಾಬರಿಯಾಗಿ ಮುಕ್ಕಾಲು ಕಿಲೋ ಕೊಡುತ್ತಾನೆ.

ಶ್ರಾವಣದಲ್ಲಿ ಅವಳ ಅಪ್ಪ ತೀರಿಕೊಂಡರು. ವಿಮಾನ ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಗೊತ್ತಾಗಿ, ಮಣ್ಣು ಮಾಡುವುದನ್ನು ನಮ್ಮ ನಡುಮನೆಯಲ್ಲಿ ಕುಳಿತು ಫೋನಿನಲ್ಲಿ ನೋಡಿದಳು. ಅಳಲಿಲ್ಲ. ಮುಗಿದ ಮೇಲೆ ಎದ್ದು, "ನಿಮಗೆ ತೊಂದರೆ ಕೊಟ್ಟೆನು, ಕ್ಷಮಿಸಿರಿ" ಎಂದು ಮಹಡಿ ಹತ್ತಿ ಹೋದಳು. ಆಮೇಲೂ ಅವಳು ಅತ್ತದ್ದನ್ನು ನಾವು ಕಾಣಲಿಲ್ಲ. ಮೊದಲಿನ ಹಾಗೆ ನಗುವುದೂ ನಿಂತುಹೋಯಿತು.

"ಹುಡುಗಿ ಒಳಗೊಳಗೇ ಕಲ್ಲಾಗ್ತಿದಾಳೆ ರೀ. ಒಂದ್ಸಲ ಅತ್ತುಬಿಟ್ರೆ ಹಗುರಾಗ್ತಿದ್ಲು" ಎಂದು ಸರೋಜ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಅಳಿಸುವ ಕೆಲಸವಾಗಿದ್ದರೆ ನಾನು ಎಂದೋ ಮಾಡಿ ಮುಗಿಸುತ್ತಿದ್ದೆ, ಆದರೆ ಇದು ಆ ಜಾತಿಯ ಅಳು ಅಲ್ಲವಂತೆ.

ಡಿಸೆಂಬರ್ ಬಂತು. ಒಂದು ಸಂಜೆ ಸರೋಜ ಕಾಫಿ ಕೊಡುತ್ತಾ, ನಿಮ್ಮೂರ ಕಡೆ ಕ್ರಿಸ್‌ಮಸ್ ಹೇಗೆ ಮಾಡ್ತೀರಿ ಎಂದು ಕೇಳಿದಳು. ಎಮಿಲಿ ಬಾಯಿಬಿಟ್ಟಳು. ಅವರ ಊರು ಮಿಸ್ಸಿಸಿಪ್ಪಿ ಹೊಳೆಯ ದಂಡೆಯಲ್ಲಿದೆ. ಹೊಳೆಗೆ ಉದ್ದಕ್ಕೂ ಮಣ್ಣಿನ ಏರಿ. ಆ ಏರಿಯ ಮೇಲೆ ಒಂದೊಂದು ಮನೆಯವರೂ ಒಂದೊಂದು ಸೌದೆಯ ಗೋಪುರ ಕಟ್ಟುತ್ತಾರೆ. ನಡುವೆ ಒಂದು ಕಂಬ, ಅದಕ್ಕೆ ಒರಗಿಸಿದ ನಾಲ್ಕು ಮರ, ಸುತ್ತಲೂ ಅಡ್ಡಡ್ಡ ಜೋಡಿಸಿದ ಸೌದೆ, ಮೇಲೆ ಹೋಗುತ್ತಾ ಚೂಪಾಗಬೇಕು. ಒಳಗೆ ಹಸಿ ಜೊಂಡಿನ ಕೋಲು ಸಿಕ್ಕಿಸುತ್ತಾರೆ, ಅದು ಬೆಂಕಿಗೆ ಪಟಾಕಿಯ ಹಾಗೆ ಸಿಡಿಯುತ್ತದೆ. ಕ್ರಿಸ್‌ಮಸ್ಸಿನ ಹಿಂದಿನ ದಿನ ಕತ್ತಲಾಗುತ್ತಲೇ ದಂಡೆಯುದ್ದಕ್ಕೂ ಬೆಂಕಿ. ಅವರ ಕ್ರಿಸ್‌ಮಸ್ ತಾತ ದೋಣಿಯಲ್ಲಿ ಬರುವನಂತೆ, ಅವನಿಗೆ ದಾರಿ ಕಾಣಲಿ ಎಂದು. ಪಕ್ಕದಲ್ಲೇ ಹಂಡೆ ತುಂಬ ಗಂಬೊ. ಗಂಬೊ ಎಂದರೆ ಬೆಂಡೆಕಾಯಿ ಹಾಕಿ ಮಾಡುವ ಒಂದು ಮಂದ ಸಾರು, ಅನ್ನಕ್ಕೆ ಹುಯ್ದುಕೊಂಡು ತಿನ್ನುವುದು.

"ನಮ್ಮ ಮನೆಯ ಗೋಪುರವನ್ನು ನನ್ನ ತಂದೆಯೇ ಕಟ್ಟುತ್ತಿದ್ದರು. ಈ ವರ್ಷ ನಮ್ಮ ಜಾಗವು ಖಾಲಿ ಇರುವುದು" ಎಂದಳು. ಕಣ್ಣು ಒಣಗಿಯೇ ಇತ್ತು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಆದರೆ ಬಂತು. "ಖಾಲಿ ಯಾಕಿರಬೇಕಮ್ಮ? ನಮ್ಮೂರಲ್ಲಿ ಹೊಳೆ ಇಲ್ಲವಾ? ಸೌದೆ ಇಲ್ಲವಾ? ನಾನಿಲ್ಲವಾ? ನಿಮ್ಮಪ್ಪನ ಬೆಂಕಿ ಈ ಸಲ ಹೇಮಾವತಿ ದಂಡೆಯಲ್ಲಿ ಉರಿಯುತ್ತೆ. ಇಂಚು ಹೆಚ್ಚುಕಮ್ಮಿಯಾಗದ ಹಾಗೆ ಕಟ್ಟಿಸೋದು ನನ್ನ ಜವಾಬ್ದಾರಿ" ಎಂದೆ. ಅವಳು ನನ್ನನ್ನೇ ನೋಡಿ, "ಆಗಬಹುದೇ?" ಎಂದು ಕೇಳಿದಳು. ಆ ಒಂದು ಮಾತಿನ ಮೇಲೆ ನಾನು ಇಡೀ ಮಿಸ್ಸಿಸಿಪ್ಪಿಯನ್ನೇ ಹೊಳೆನರಸೀಪುರಕ್ಕೆ ತಿರುಗಿಸಲು ಸಿದ್ಧನಾದೆ.

ಒಳಗೆ ಹೋದಾಗ ಸರೋಜ, "ಒಳ್ಳೇ ಕೆಲಸ. ಆದ್ರೆ ಯಾರ ಮೇಲೂ ಕೂಗಾಡದೆ ಮಾಡ್ತೀರಾ?" ಎಂದಳು.

"ನಾನು ಯಾವತ್ತು ಕೂಗಾಡಿದೀನಿ?" ಎಂದು ಕೂಗಿದೆ.

ಜಾಗಕ್ಕೆ ಕರೀಗೌಡನನ್ನು ಹಿಡಿದೆ. ಅವನದು ಹೊಳೆ ಪಕ್ಕದಲ್ಲೇ ತೆಂಗಿನ ತೋಟ. ಒಂದು ಕಾಲದಲ್ಲಿ ಅವನ ಬದು ಅಳೆದುಕೊಟ್ಟವನು ನಾನೇ ಆದ್ದರಿಂದ ನನ್ನ ಕೂಗಾಟ ಅವನಿಗೆ ಹೊಸದಲ್ಲ. "ಬೆಂಕಿ ಆಕೋಕೇನ್ ಸಾ, ಆಕಿ. ತ್ವಾಟದ್ ತಾವ ಮಾತ್ರ ಬ್ಯಾಡ, ನೀರಿನ್ ಕಡೀಕ್ ಆಕಿ" ಎಂದ. ನೀರಿನ ಕಡೆಯ ಮರಳು ದಿಬ್ಬ ಪ್ರಶಸ್ತವಾಗಿತ್ತು. ಸೇತುವೆ ಮೇಲಿಂದ ಚೆನ್ನಾಗಿ ಕಾಣುತ್ತಿತ್ತು. ದೋಣಿ ತಾತ ಬಂದರೆ ಮಾತ್ರ ಸ್ವಲ್ಪ ಕಷ್ಟ, ಹೊಳೆಯಲ್ಲಿ ಮೊಣಕಾಲುದ್ದ ನೀರಿತ್ತು, ಇಳಿದು ದೋಣಿ ತಳ್ಳಿಕೊಂಡು ಬರಬೇಕಾಗುತ್ತಿತ್ತು. ನಾನು ಗೂಟ ಹೊಡೆದು, ದಾರ ಕಟ್ಟಿ, ನಾಲ್ಕು ಮೂಲೆ ಗುರುತು ಮಾಡಿ ಬಂದೆ. ನಿವೃತ್ತನಾದ ಮೇಲೆ ಅಷ್ಟು ಖುಷಿಯಾಗಿ ನಾನು ಗೂಟ ಹೊಡೆದಿರಲಿಲ್ಲ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಧನುರ್ಮಾಸದ ಹುಗ್ಗಿ ತಿಂದು ಪೇಟೆಗೆ ಹೊರಟೆ. ಮೊದಲು ಸೌದೆ ಡಿಪೋ. ಸಾಮಾನ್ಯವಾಗಿ ಅಲ್ಲಿಯ ಮಾಲೀಕ ನನ್ನನ್ನು ಕಂಡರೆ ಲೆಕ್ಕ ನೋಡುವವನಂತೆ ತಲೆ ಬಗ್ಗಿಸುತ್ತಾನೆ. ಅವತ್ತು, ಒಂದು ಗಾಡಿ ಒಣ ಸೌದೆ, ಹೊಳೆದಂಡೆಗೆ, ಇವತ್ತೇ ಬೇಕು ಎಂದ ಕೂಡಲೇ ಎದ್ದು ನಿಂತ. ಕುರ್ಚಿ ಕೊಟ್ಟ.

"ಮನೇದಕ್ಕಾ ಸಾ?"

"ಇನ್ನೇನು ಊರಿಗಾ? ನಮ್ಮ ಮನೆಯದಕ್ಕೇ."

"ಎಷ್ಟೊತ್ಗೆ ಸಾ?"

"ಸಂಜೆ, ಕತ್ತಲಾದ ಮೇಲೆ."

"ಸೂರ್ಯ ಮುಳುಗಾಕ್ ಮುಂಚೆ ಆದ್ರೆ ಒಳ್ಳೇದಿತ್ತು."

"ಬೆಳಕಿದ್ದಾಗ ಹಚ್ಚಿದರೆ ಬೆಂಕಿ ಯಾರಿಗೆ ಕಾಣುತ್ತೆ ರೀ?"

ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದ. "ಯಾರಾದ್ರೂ ಬರೋರಿದಾರಾ ಸಾ, ದೂರದಿಂದ?"

"ಒಬ್ಬರು ದೋಣಿಯಲ್ಲಿ ಬರಬೇಕು" ಎಂದೆ, ವಿನೋದಕ್ಕೆ. ನಾನು ವಿನೋದ ಮಾಡುವುದು ಅಪರೂಪ. ಅವನು ನನ್ನ ಹೆಗಲು ಮುಟ್ಟಿ, "ಧೈರ್ಯ ತಕಳಿ ಸಾ. ಕೂಲಿಯೋರು ನಮ್ಮೋರೇ, ಎಲ್ಲಾ ಅಚ್ಚುಕಟ್ಟಾಗಿ ಮಾಡ್ತಾರೆ" ಎಂದ. ಒಂದು ಬೆಂಕಿ ಹಚ್ಚಲು ಧೈರ್ಯ ಯಾಕೆ ಬೇಕು ಎಂದು ರೇಗಿಕೊಂಡೇ ಹೊರಗೆ ಬಂದೆ.

ಜೊಂಡಿನ ಬದಲು ಹಸಿ ಬಿದಿರು ಎಂದು ನಾನು ನಿಶ್ಚಯಿಸಿದ್ದೆ. ಬಿದಿರಿನ ಅಂಗಡಿಯವನು ನಾನು ಬಾಯಿ ತೆರೆಯುವ ಮೊದಲೇ ಎರಡು ಉದ್ದನೆಯ ಗಳ ತೆಗೆದು ಬದಿಗಿಟ್ಟು, ಮೂರನೆಯದನ್ನು ಮೊಳದುದ್ದಕ್ಕೆ ತುಂಡು ಮಾಡತೊಡಗಿದ. ಡಿಪೋದಿಂದ ಸುದ್ದಿ ಅಷ್ಟರಲ್ಲೇ ರಸ್ತೆ ದಾಟಿತ್ತು ಎಂದು ನನಗೇನು ಗೊತ್ತು?

"ಯಾಕ್ರೀ ಕತ್ತರಿಸ್ತೀರಿ? ನಾನು ಹೇಳಿದೆನಾ?"

"ಕತ್ತರಿಸ್ದೆ ಕಟ್ಟೋದೆಂಗೆ ಸಾ?"

"ಕಟ್ಟೋಕಲ್ಲ ಕಣ್ರೀ, ಸಿಡಿಯೋಕೆ. ಗಂಟು ಹಾಗೇ ಇರಬೇಕು. ಬೆಂಕಿ ತಗುಲಿದಾಗ ಢಂ ಅನ್ನಬೇಕು."

ಅವನ ಕೈಯಲ್ಲಿದ್ದ ಮಚ್ಚು ಹಾಗೇ ನಿಂತಿತು. ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದ. ಆ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಂಡಿತು. ಸಾಲ ಬೇಕಾ ಸಾರ್ ಎಂದು ಒಂದು ಹೆಣ್ಣು ದನಿ. ಬೆಳಗಿನಿಂದ ಇದೇ ಕಾಟ. ಸಿಟ್ಟಿನಲ್ಲಿ ಫೋನನ್ನೇ ಆರಿಸಿ ಜೇಬಿಗೆ ಹಾಕಿದೆ. ಅವತ್ತು ನಾನು ಮಾಡಿದ ತಪ್ಪು ಅಂತ ಇದ್ದರೆ ಅದೊಂದೇ, ಅದಕ್ಕೂ ಕಾರಣ ಆ ಸಾಲದವಳು.

ಗಂಬೊಗೆ ಮನೆಯ ಹಂಡೆ ಕೊಡುವುದಿಲ್ಲ, ಧನುರ್ಮಾಸದಲ್ಲಿ ಅದನ್ನು ಹೊಳೆದಂಡೆಯ ಹೊಗೆಗೆ ಕಳಿಸುವುದಿಲ್ಲ ಎಂದು ಸರೋಜ ಹೇಳಿದ್ದರಿಂದ ಒಂದು ಹೊಸ ಮಡಕೆ ಬೇಕಾಗಿತ್ತು. ಸಂತೆ ಬೀದಿಯಲ್ಲಿ ಮಡಕೆ ಮಾರುವ ಹೆಂಗಸಿನ ಹತ್ತಿರ ಒಂದನ್ನು ಎತ್ತಿ, ಬೆರಳಿನಿಂದ ತಟ್ಟಿ, ಬಿಸಿಲಿಗೆ ಹಿಡಿದು ನೋಡಿದೆ. "ತೂತಿಲ್ಲ ತಾನೇ?"

"ತೂತ ಅಲ್ಲೇ ಮಾಡ್ಕತಾರೆ ಬುಡಿ ಸ್ವಾಮಿ" ಎಂದಳು ಮೆತ್ತಗೆ.

"ತೂತು ಮಾಡಿದರೆ ಸಾರೆಲ್ಲ ಸೋರಿಹೋಗುತ್ತಲ್ಲಮ್ಮ?"

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ದುಡ್ಡು ಕೊಟ್ಟು ತಿರುಗಿದರೆ, ದಿನಾ ಎಲ್ಲರಿಗೂ 'ಓಗ್ಬನ್ನಿ' ಎನ್ನುವವಳು ಒಂದು ಮಾತೂ ಆಡದೆ ಮುಖ ತಿರುಗಿಸಿ ಕುಳಿತಿದ್ದಳು. ಅಲ್ಲಿಂದ ಬಟ್ಟೆ ಅಂಗಡಿಗೆ ಹೋಗಿ ಕಂಬಕ್ಕೆ ಸುತ್ತಿ ಎಣ್ಣೆ ಹುಯ್ಯಲು ಬಿಳಿ ಬಟ್ಟೆ ತೆಗೆದುಕೊಂಡೆ. ಬೆಂಕಿ ಬೇಗ ಹತ್ತಲಿ ಎಂದು ಒಂದು ಪೊಟ್ಟಣ ಕರ್ಪೂರವನ್ನೂ ತೆಗೆದುಕೊಂಡೆ.

ಅರವತ್ತು ದಾಟಿದ, ಎಷ್ಟೋ ಜನರಿಗೆ ಹೆಗಲು ಕೊಟ್ಟು ಹೊಳೆದಂಡೆಗೆ ಸಾಗಿಸಿದ ಮನುಷ್ಯನಿಗೆ ಈ ಹೊತ್ತಿಗೆ ಹೊಳೆಯಬೇಕಾಗಿತ್ತು ಎಂದು ನೀವು ಹೇಳಬಹುದು. ಸರೋಜಳೂ ಅದನ್ನೇ ಹೇಳುತ್ತಾಳೆ. ಸಿಟ್ಟು ಬಂದಾಗ ನನಗೆ ಕಿವಿ ಕೇಳಿಸುತ್ತದೆ, ಅರ್ಥ ಮಾತ್ರ ಆಗುವುದಿಲ್ಲ. ಮನೆಗೆ ಬಂದು ಮಡಕೆ, ಬಿಳಿ ಬಟ್ಟೆ, ಕರ್ಪೂರ, ಬಿದಿರು ಎಲ್ಲವನ್ನೂ ಬೀದಿಗೆ ಕಾಣುವ ಹಾಗೆ ಜಗಲಿಯ ಮೇಲೆ ಸಾಲಾಗಿ ಜೋಡಿಸಿಟ್ಟೆ. ಸರೋಜ, ಎಮಿಲಿ ಇಬ್ಬರೂ ಹಿತ್ತಲಿನಲ್ಲಿ ಒಲೆ ಹೂಡಿ ಗಂಬೊ ಶುರು ಮಾಡಿದ್ದರು. ಎಣ್ಣೆಯಲ್ಲಿ ಹಿಟ್ಟು ಹಾಕಿ ಕಾಫಿಪುಡಿಯ ಬಣ್ಣ ಬರುವ ತನಕ ಹುರಿಯಬೇಕಂತೆ. "ಅಮ್ಮಾ, ಭೂಮಿ ಬಿರಿದರೂ ಕೈಯಾಡಿಸುವುದನ್ನು ನಿಲ್ಲಿಸಬಾರದು" ಎಂದು ಎಮಿಲಿ ಅವಳಿಗೆ ಹೇಳುತ್ತಿದ್ದಳು. ನಾನು ಊಟ ಮಾಡಿ, ಬಿಸಿಲೆಂದು ತಲೆಗೆ ಟವಲು ಸುತ್ತಿ, ಹೊಳೆಯ ಕಡೆ ನಡೆದೆ.

ಹೋಗಿ ನೋಡುತ್ತೇನೆ. ನನ್ನ ಗೂಟ ಕಿತ್ತು ಬದಿಗೆ ಎಸೆದಿದ್ದರು. ನನ್ನ ದಾರದಲ್ಲಿ ಯಾರೋ ಬೀಡಿ ಕಟ್ಟು ಬಿಗಿದಿದ್ದರು. ಸೌದೆ ಇಳಿಸಿ ಕಾಯಿರಿ ಎಂದು ಹೇಳಿ ಕಳಿಸಿದ್ದರೆ, ಡಿಪೋದ ಕೂಲಿಯವರು ಇಳಿಸಿ, ಒಟ್ಟಿ, ಕೈ ತೊಳೆದುಕೊಂಡು ಹೊರಟೇಹೋಗಿದ್ದರು. ಎದುರಿಗಿದ್ದದ್ದು ಗೋಪುರ ಅಲ್ಲ. ಆಳುದ್ದ, ಸೊಂಟದೆತ್ತರ, ಮೇಲೆ ಮಟ್ಟಸ. ದಕ್ಷಿಣೋತ್ತರವಾಗಿ ಮಲಗಿತ್ತು.

"ನಾನೇಳ್ದೆ ಸಾ" ಎಂದ ಕರೀಗೌಡ, ನಾನು ಬಾಯಿ ತೆರೆಯುವ ಮೊದಲೇ ಎರಡು ಹೆಜ್ಜೆ ಹಿಂದಕ್ಕೆ ಸರಿದು. "ಇದು ಅದಲ್ಲ ಕಣ್ರಲಾ, ಬ್ಯಾರೆ ಏನೋ ಅಬ್ಬ ಅಂದೆ. 'ನಮ್ಗೇನ್ ಇದು ಒಸ್ದಾ' ಅಂದ್ಬುಟ್ಟು ಒಟ್ಬುಟ್ರು. ತಲೆ ದಕ್ಷಿಣುಕ್ಕೇ ಬರಂಗೆ ನೋಡ್ಕಂಡ್ ಒಟ್ಟವ್ರೆ ಸಾ, ಅದ್ರಾಗೇನೂ ಲೋಪ ಇಲ್ಲ."

"ಯಾರ ತಲೆ?"

"ಅದ್ನ ನಾನೆಂಗ್ ಏಳ್ಳಿ ಸಾ. ಸೇತುವೆ ಮ್ಯಾಲೆ ಬಸ್ಸೆಲ್ಲ ನಿಧಾನ ಮಾಡ್ಕಂಡ್ ಓಯ್ತಾವೆ. ಒಬ್ಬ ಡ್ರೈವರ್ರು ಕೈನೂ ಮುಗ್ದ."

ಆಗ ಹೊಳೆಯಿತು. ಸೌದೆ ಡಿಪೋದ ಕುರ್ಚಿ, ತುಂಡು ಬಿದಿರು, ತೂತಿನ ಮಡಕೆ, ಹೋಗಿಬನ್ನಿ ಎನ್ನದ ಹೆಂಗಸು, ಎಲ್ಲ ಒಂದರ ಹಿಂದೆ ಒಂದು ಬಂದು ನನ್ನ ಎದೆಗೆ ಗುದ್ದಿದವು. ನಾನು ಬೆಳಗಿನಿಂದ ಹೊಳೆನರಸೀಪುರದ ಪೇಟೆಯಲ್ಲಿ ಓಡಾಡಿ ಒಂದು ಸಾವಿಗೆ ಬೇಕಾದ ಸಾಮಾನನ್ನೆಲ್ಲ ಒಂದೂ ಬಿಡದೆ ಖರೀದಿಸಿದ್ದೆ. ಕೊರತೆಯಿದ್ದದ್ದು ಹೆಣ ಒಂದೇ. ನಮ್ಮ ಮನೆಯಲ್ಲಿರುವುದು, ಬಾಡಿಗೆಯವಳನ್ನು ಬಿಟ್ಟರೆ, ಇಬ್ಬರು. ಒಬ್ಬಳು ಯಾವತ್ತೂ ದನಿ ಎತ್ತದವಳು, ಇನ್ನೊಬ್ಬ ಬಿಪಿ ಇರುವ ನಾನು. ಇಬ್ಬರಲ್ಲಿ ಹೋದದ್ದು ಯಾರು ಎಂದು ಊರಿನಲ್ಲಿ ಯಾರೂ ಕೇಳಿರಲಾರರು. ನಾನೇ ಅಂಗಡಿಗೆ ಬಂದಿದ್ದೆನಲ್ಲ ಎಂದು ಡಿಪೋದವನಿಗೆ ಗೊತ್ತಿತ್ತು, ಆದರೆ ಸುದ್ದಿ ಪೇಟೆ ದಾಟಿದ ಮೇಲೆ ಅದನ್ನು ಹೇಳುವವರಾರು? ಫೋನು ತೆಗೆದು ಹಚ್ಚಿದೆ. ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿನಲ್ಲಿ ನನ್ನ ಫೋಟೋ. ಅದರ ಕೆಳಗೆ ಉದ್ದಕ್ಕೂ ಓಂ ಶಾಂತಿ, ಓಂ ಶಾಂತಿ. ಯಾವನೋ ಒಬ್ಬ ಹೆಬ್ಬೆರಳೆತ್ತಿ ತೋರಿಸಿದ್ದ.

ಮನೆಗೆ ಓಡಿದೆ. ಬೀದಿಯ ತಿರುವಿನಲ್ಲೇ ಕಂಡಿತು. ಎದುರುಮನೆಯವರು ತಮ್ಮ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ನಮ್ಮ ಮನೆ ಮುಂದೆ ಹಾಕಿದ್ದರು. ಯುಗಾದಿಗೆ ಒಂದು ಕುರ್ಚಿ ಕೇಳಿದರೆ ಕಾಲು ಮುರಿದಿದೆ ಎಂದವರು. ಜನ ತಲೆ ತಗ್ಗಿಸಿ ಕುಳಿತಿದ್ದರು. ಜಗಲಿಯ ಮೇಲಿದ್ದ ಮಡಕೆ, ಬಿದಿರು, ಬಿಳಿ ಬಟ್ಟೆಯನ್ನು ಬಂದವರೆಲ್ಲ ಒಮ್ಮೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ತಲೆಗೆ ಟವಲು, ಮೈಯೆಲ್ಲ ಮರಳು, ನನ್ನ ಗುರುತು ಯಾರಿಗೂ ಹತ್ತಲಿಲ್ಲ. ಹಿಂದೆ ನಿಂತುಕೊಂಡೆ. ತನ್ನ ಬಗ್ಗೆ ಜನ ಏನು ಹೇಳುತ್ತಾರೆ ಎಂದು ಕೇಳುವ ಆಸೆ ಯಾರಿಗಿರುವುದಿಲ್ಲ?

"ಬಿಪಿ ಅಂತೆ."

"ಯಾರ್ ಮೇಲೆ ರೇಗ್ತಿದ್ರಂತೆ?"

"ಅದಿನ್ನೂ ಗೊತ್ತಾಗಿಲ್ಲ."

"ಒಳ್ಳೇ ಮನುಷ್ಯ, ಆ ಬಾಯೊಂದ್ ಬಿಟ್ರೆ."

ಹಾಸನದಿಂದ ಕಾರಿನಲ್ಲಿ ಬಂದಿದ್ದ ನನ್ನ ಭಾವಮೈದ, ಸರೋಜಳ ತಮ್ಮ ರಮೇಶ, ಫೋನಿನಲ್ಲಿ ಯಾರಿಗೋ "ಐಸ್ ಬಾಕ್ಸ್ ಬೇಡ ಸಾರ್, ಸಂಜೆಗೇ ಮುಗಿಸ್ತಾರಂತೆ, ಎಲ್ಲಾ ಮುಂಚೇನೇ ರೆಡಿ ಮಾಡ್ಕೊಂಡಿದಾರೆ" ಎಂದು ಹೇಳುತ್ತಿದ್ದ. ಬಾಗೂರಿನ ದೊಡ್ಡಪ್ಪನ ಮಗ ಸುಬ್ಬಣ್ಣ ಚನ್ನರಾಯಪಟ್ಟಣದಲ್ಲಿ ಬಸ್ ಬದಲಿಸುವಾಗ ಕೊಂಡ ಚೆಂಡುಹೂವಿನ ಹಾರ ಹಿಡಿದು, ಅದನ್ನು ಯಾರ ಕೊರಳಿಗೆ ಹಾಕುವುದೆಂದು ತಿಳಿಯದೆ ನಿಂತಿದ್ದ. ಅವರಿಬ್ಬರೂ ಬಂದು ಐದು ನಿಮಿಷವೂ ಆಗಿರಲಿಲ್ಲ, ಒಳಗೆ ಹೋಗಲು ಹೆದರಿ ಬಾಗಿಲಲ್ಲೇ ಇದ್ದರು. ಅಷ್ಟರಲ್ಲಿ ಆಟೋದಿಂದ ನನ್ನ ಸೋದರತ್ತೆ ಇಳಿದಳು. ಪುಟ್ಟತ್ತೆ ಎಂದು ಕರೆಯುತ್ತೇವೆ, ಅರಕಲಗೂಡಿನವಳು, ನನ್ನನ್ನು ಎತ್ತಿ ಆಡಿಸಿದವಳು. ಜಗಲಿಯ ಮೇಲೆ ಕುಳಿತು ಶುರು ಮಾಡಿದಳು.

"ಹೋಗ್ಬಿಟ್ಯೇನೋ ನರಸಿಂಹಾ. ಚಿಕ್ಕಂದಿನಿಂದ ಬಡ್ಕೊಂಡೆ ಕಣೋ, ಸಿಟ್ಟು ಕಮ್ಮಿ ಮಾಡ್ಕೋ ಅಂತ. ಕೇಳಿದ್ಯಾ? ಹೆತ್ತೋರ ಮಾತು ಕೇಳ್ಲಿಲ್ಲ, ಹೆಂಡ್ತಿ ಮಾತು ಕೇಳ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು, ಒರೆಸಿದ್ದು ಬೆವರು. ನಂತರ ರಮೇಶನ ಕಡೆ ತಿರುಗಿ, "ಎಷ್ಟೊತ್ತಿಗೆ ಎತ್ತುತಾರಪ್ಪ? ಕಡೇ ಬಸ್ಸು ತಪ್ಪಿದ್ರೆ ಕಷ್ಟ" ಎಂದಳು.

ಸಾಕಾಯಿತು. ಟವಲು ಕಿತ್ತು ಎಸೆದೆ. "ನಾನು ಸತ್ತಿಲ್ಲ! ಯಾವನು ಹೇಳಿದ್ದು ನಾನು ಸತ್ತಿದ್ದೀನಿ ಅಂತ? ಅಳತೆ ಮಾಡದೆ ಬದು ಹಾಕೋ ಜನ ನೀವು! ಒಂದು ಸಲ ಒಳಗೆ ಹೋಗಿ ಹೆಣ ಇದೆಯಾ ಅಂತ ನೋಡೋಕೆ ಆಗಲಿಲ್ವಾ?"

ಸುಬ್ಬಣ್ಣನ ಕೈಯಿಂದ ಹಾರ ಬಿತ್ತು. ಕುರ್ಚಿಯಲ್ಲಿದ್ದ ಒಬ್ಬರು ಎದ್ದು ರಸ್ತೆಯ ಆಚೆಗೆ ಹೋಗಿ ನಿಂತರು. ರಮೇಶ ಫೋನಿನಲ್ಲಿ, "ಒಂದ್ನಿಮಿಷ ಇರಿ ಸಾರ್, ಬಾಡಿ ಬೈತಾ ಇದೆ" ಎಂದ.

ನಾನು ಬದುಕಿದ್ದೇನೆ ಎಂಬುದಕ್ಕೆ ಬೇರೆ ಸಾಕ್ಷಿ ಯಾರೂ ಕೇಳಲಿಲ್ಲ. ಸಂತೋಷವನ್ನೂ ಯಾರೂ ಪಡಲಿಲ್ಲ. ಬದಲಿಗೆ ಎಲ್ಲರಿಗೂ ನನ್ನ ಮೇಲೆ ಸಿಟ್ಟು ಬಂತು. ರಮೇಶ ರಜಾ ಹಾಕಿ ಬಂದಿದ್ದ, ಆ ರಜೆಗೆ ಈಗ ಏನು ಕಾರಣ ಹೇಳುವುದು ಎಂದು ನನ್ನನ್ನೇ ಕೇಳಿದ. ಸುಬ್ಬಣ್ಣ ಅಂಗಡಿ ಮುಚ್ಚಿ ಬಂದಿದ್ದ. ಪುಟ್ಟತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸುದ್ದಿ ಕಿವಿಗೆ ಬಿದ್ದ ತಕ್ಷಣ ತಲೆ ಮೇಲೆ ತಣ್ಣೀರು ಹುಯ್ಕೊಂಡೆ ಕಣೋ, ಈ ಚಳೀಲಿ. ಮಧ್ಯಾಹ್ನದ ಊಟ ಬಿಟ್ಟೆ. ಬಸ್ಸಲ್ಲಿ ನಿಂತ್ಕೊಂಡು ಬಂದೆ. ನೋಡಿದ್ರೆ ನೀನು ಗುಂಡುಕಲ್ಲಿನ ಹಾಗೆ ನಿಂತಿದೀಯ. ನಾಚಿಕೆ ಆಗಲ್ವಾ ನಿಂಗೆ?"

ಸಾಯದೆ ಇದ್ದದ್ದಕ್ಕೆ ಕ್ಷಮೆ ಕೇಳುವ ಸ್ಥಿತಿ ನನಗೆ ಬಂದೊದಗಿತು. ನಾನು ಕೇಳುವವನಲ್ಲ. ನಾನೂ ಕೂಗಿದೆ, ಅವಳೂ ಕೂಗಿದಳು, ರಮೇಶನೂ ಕೂಗಿದ.

ಗದ್ದಲಕ್ಕೆ ಹಿತ್ತಲಿನಿಂದ ಎಮಿಲಿ ಬಂದಳು. ಕುರ್ಚಿಗಳನ್ನು ನೋಡಿದಳು, ರಾಶಿ ಚಪ್ಪಲಿ ನೋಡಿದಳು, ನೆಲದ ಮೇಲೆ ಬಿದ್ದಿದ್ದ ಹಾರ ನೋಡಿದಳು. "ಇವರೆಲ್ಲರೂ ಯಾರು?" ಎಂದು ಕೇಳಿದಳು. ನಾನು ಸತ್ತೆನೆಂದು ಬಂದವರು ಎಂದು ರಮೇಶ ವಿವರಿಸಿದ.

"ಇಂದೇ ಬಂದರೇ? ಕೇಳಿದ ಕೂಡಲೇ?"

"ಸಾವು ಅಂದ್ಮೇಲೆ ಬರ್ದೆ ಇರೋಕಾಗುತ್ತೇನಮ್ಮ? ಎಷ್ಟೇ ಮನಸ್ತಾಪ ಇರ್ಲಿ, ಹೆಣದ ಮುಖ ನೋಡ್ದೆ ಇರ್ತಾರಾ?" ಎಂದಳು ಪುಟ್ಟತ್ತೆ, ಇನ್ನೂ ನನ್ನ ಕಡೆಯೇ ಗುರಾಯಿಸುತ್ತಾ.

ಎಮಿಲಿ ಬಗ್ಗಿ ನೆಲದ ಮೇಲಿನ ಹಾರವನ್ನು ಎತ್ತಿಕೊಂಡಳು. ಆಮೇಲೆ ಅದೇ ಪುಸ್ತಕದ ಕನ್ನಡದಲ್ಲಿ, "ನಾನು ಹೋಗಲಿಲ್ಲ. ನನ್ನ ತಂದೆಯ ಮುಖವನ್ನು ನಾನು ನೋಡಲಿಲ್ಲ" ಎಂದಳು.

ಅವಳ ಹಿಂದೆ ಆಗಷ್ಟೇ ಸೌಟು ಹಿಡಿದು ಬಂದಿದ್ದ ಸರೋಜ ಪುಟ್ಟತ್ತೆಯ ಕಿವಿಯಲ್ಲಿ ನಾಲ್ಕು ಮಾತು ಹೇಳಿದಳು. ಶ್ರಾವಣ, ಫೋನು, ಸೌದೆ, ಅಪ್ಪನ ಬೆಂಕಿ. ಪುಟ್ಟತ್ತೆಯ ಸೊಂಟದ ಮೇಲಿನ ಕೈ ಇಳಿಯಿತು. ಹೋಗಿ ಎಮಿಲಿಯ ಕೈ ಹಿಡಿದು ಜಗಲಿಯ ಮೇಲೆ, ಆ ಮಡಕೆಯ ಪಕ್ಕದಲ್ಲೇ ಕೂರಿಸಿಕೊಂಡಳು. "ನಿಮ್ಮಪ್ಪ ಹೋದಾಗ ನಿನ್ ಹತ್ರ ಯಾರೂ ಬರ್ಲಿಲ್ವಾ ಮಗು? ನಾವು ಬಂದಿದೀವಲ್ಲ ಈಗ. ಅವ್ರಿಗೇ ಬಂದಿದ್ದು ಅಂತ ಅನ್ಕೋ. ಹೆಸ್ರೇನಮ್ಮ ನಿಮ್ಮಪ್ಪಂದು?"

ಎಮಿಲಿ ಹೆಸರು ಹೇಳಲು ಹೋದಳು. ಅರ್ಧಕ್ಕೇ ನಿಂತಿತು. ಐದು ತಿಂಗಳಿನಿಂದ ಕಟ್ಟಿಕೊಂಡಿದ್ದದ್ದು ಒಡೆಯಿತು. ಪುಟ್ಟತ್ತೆಯ ಮಡಿಲಲ್ಲಿ ಮುಖವಿಟ್ಟು ಮೈಯೆಲ್ಲ ನಡುಗುವ ಹಾಗೆ ಅತ್ತಳು. ಪುಟ್ಟತ್ತೆಯೂ ಅತ್ತಳು, ಈ ಸಲ ಬೆವರಲ್ಲ. ಸರೋಜ ಸೌಟು ಹಿಡಿದುಕೊಂಡೇ ಅತ್ತಳು. ಸುಬ್ಬಣ್ಣ ಗೋಡೆಯ ಕಡೆ ತಿರುಗಿದ. ಕುರ್ಚಿ ತಂದಿದ್ದ ಎದುರುಮನೆಯವರೂ ಕಣ್ಣೊರೆಸಿಕೊಂಡರು. ರಮೇಶ ಫೋನಿನವನಿಗೆ ಆಮೇಲೆ ಮಾಡ್ತೀನಿ ಎಂದು ಹೇಳಿ ಇಟ್ಟ.

ಅತ್ತು ಮುಗಿದ ಮೇಲೆ ಪುಟ್ಟತ್ತೆ ಮೂಗು ಒರೆಸಿಕೊಂಡು ಎದ್ದಳು. "ಆ ಸೌದೆ ಹೇಗೆ ಒಟ್ಟಬೇಕೋ ಹಾಗೆ ಒಟ್ಟಿ. ಇವನ ಅಳತೆ ಕೇಳ್ಕೊಂಡು ಕೂತ್ರೆ ಬೆಳಗಾಗುತ್ತೆ. ನಡೀರಿ ಎಲ್ಲಾ" ಎಂದಳು.

ನನ್ನ ಸಾವಿಗೆ ಬಂದವರೆಲ್ಲ ಪಂಚೆ ಎತ್ತಿಕಟ್ಟಿ ಹೊಳೆದಂಡೆಗೆ ಬಂದರು. ಮಲಗಿದ್ದ ಸೌದೆಯನ್ನು ಕಿತ್ತು ಎಬ್ಬಿಸಿದರು. ನಾನು ದಾರ ಹಿಡಿದು ಮೂಲೆ ಸರಿಯಿಲ್ಲ ಎಂದು ಕೂಗಿದೆ. ರಮೇಶ ಮರ ಒರಗಿಸಿದ ರೀತಿಗೆ ಅವನ ಮೂರು ತಲೆಮಾರನ್ನು ಬೈದೆ. ಕರೀಗೌಡನಿಗೆ ಬೈದೆ, ಸುಬ್ಬಣ್ಣನಿಗೆ ಬೈದೆ, ಜಾರಿದ ಒಂದು ದಿಮ್ಮಿಗೂ ಬೈದೆ. ಸರೋಜ ಕಣ್ಣಿನಲ್ಲೇ ಸನ್ನೆ ಮಾಡಿದಳು. ನಾನು ನಿಲ್ಲಿಸುವಷ್ಟರಲ್ಲಿ ಹಿಂದಿನಿಂದ ನಗು ಕೇಳಿಸಿತು. ಎಮಿಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನನ್ನ ತಂದೆಯೂ ಹೀಗೆಯೇ ಕೂಗಾಡುತ್ತಿದ್ದರು. ಕಟ್ಟಿ ಮುಗಿಯುವ ತನಕ ಎಲ್ಲರನ್ನೂ ಬೈಯುತ್ತಿದ್ದರು. ದಯವಿಟ್ಟು ನಿಲ್ಲಿಸಬೇಡಿರಿ" ಎಂದಳು.

ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಕೂಗಾಡಿ ಎಂದು ಬೇಡಿಕೊಂಡರು. ಆಶ್ಚರ್ಯವೆಂದರೆ ಜಾರಿದ ಆ ದಿಮ್ಮಿಯನ್ನು ಬೈಯದೆ ನಾನೇ ಎತ್ತಿಟ್ಟೆ.

ಕತ್ತಲಾಯಿತು. ನನಗೆಂದು ತಂದಿದ್ದ ಹಾರವನ್ನು ಎಮಿಲಿ ನಡುಗಂಬಕ್ಕೆ ಹಾಕಿ ಬೆಂಕಿ ಕೊಟ್ಟಳು. ಕರ್ಪೂರಕ್ಕೆ ಭಗ್ಗೆಂದು ಹತ್ತಿತು. ಬಿದಿರಿನ ಗಂಟು ಒಂದೊಂದೇ ಢಂ ಎಂದಾಗ ಸುಬ್ಬಣ್ಣ ಪ್ರತಿ ಸಲವೂ ನೆಲಕ್ಕೆ ಕುಳಿತ. ಹೊಳೆಯಲ್ಲಿ ದೋಣಿ ಬರಲಿಲ್ಲ. ನೀರಿನಲ್ಲಿ ಬಿದ್ದಿದ್ದ ಕರೀಗೌಡನ ಕೋಣ ಮಾತ್ರ ಎದ್ದು, ಮೈ ಕೊಡವಿಕೊಂಡು, ಬೆಳಕಿನ ಕಡೆ ನಿಧಾನವಾಗಿ ನಡೆದು ಬಂತು. ಎಮಿಲಿ ಅದಕ್ಕೇ ಕೈಬೀಸಿದಳು. "ನಿನ್ನ ಕರ್ಕೊಂಡು ಹೋಗೋಕೆ ಬಂದಿರ್ಬೇಕು ಕಣೋ ನರಸಿಂಹ. ಅದಕ್ಕೂ ಸುದ್ದಿ ಮುಟ್ಟಿದೆ" ಎಂದಳು ಪುಟ್ಟತ್ತೆ. ಎಲ್ಲರೂ ಗಂಬೊ ಅನ್ನ ಉಂಡರು. ಬೆಂಡೆಕಾಯಿ ಹುಳಿಗೆ ಹಿಟ್ಟು ಸೀಯಿಸಿ ಹಾಕಿದ ಹಾಗಿದೆ, ಆದರೂ ಪರವಾಗಿಲ್ಲ ಎಂದು ಪುಟ್ಟತ್ತೆ ತೀರ್ಪು ಕೊಟ್ಟು ಎರಡನೆಯ ಸಲ ಹಾಕಿಸಿಕೊಂಡಳು.

ಹೊರಡುವಾಗ ಒಬ್ಬರೂ ನನಗೆ ಬರ್ತೀವಿ ಎಂದು ಹೇಳಲಿಲ್ಲ. ಬಂದದ್ದು ಸಾವಿಗೆ, ಸಾವಿಗೆ ಬಂದವರು ಹೇಳಿ ಹೋಗಬಾರದು ಎಂದು ರಮೇಶ ಕಾರಿನ ಕಿಟಕಿಯಿಂದ ವಿವರಿಸಿ, ಪುಟ್ಟತ್ತೆಯನ್ನು ಹತ್ತಿಸಿಕೊಂಡು ಹೊರಟ.

ಮನೆಗೆ ಬಂದು ನಡುಮನೆಯಲ್ಲಿ ಕುಳಿತೆ. ಸರೋಜ ನೀರು ಮತ್ತು ಮಾತ್ರೆ ತಂದಳು. ಮಹಡಿಯ ಮೇಲೆ ಎಮಿಲಿ ತನ್ನ ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುತ್ತಾ ನಗುವುದು ಕೇಳಿಸುತ್ತಿತ್ತು. ನಾನು ಮಾತ್ರೆಯನ್ನು ಅಂಗೈಯಲ್ಲೇ ಹಿಡಿದು ಕುಳಿತೆ.

"ನೋಡಿದೆಯಾ ಸರೋಜ? ಮುಖವನ್ನೇ ನೋಡದ ಯಾರೋ ಅಮೆರಿಕದವರಿಗೆ ಇಡೀ ಬೀದಿ ಅತ್ತಿತು. ನಾನು ಸತ್ತಿದ್ದೆ. ಒಬ್ಬರ ಕಣ್ಣಲ್ಲಾದರೂ ಒಂದು ಹನಿ ಬಂತಾ? ಪುಟ್ಟತ್ತೆ ಬಸ್ಸಿನ ಹೊತ್ತು ಕೇಳಿದಳು."

"ಹೂಂ" ಎಂದಳು.

"ನೀನಾದರೂ ಅಳಬಹುದಿತ್ತು."

"ನಂಗ್ಯಾರು ಹೇಳಿದ್ರು ರೀ? ಫೋನು ಒಳಗಿತ್ತು, ನಾನು ಹಿತ್ತಲಲ್ಲಿ ಹಿಟ್ಟು ಹುರೀತಿದ್ದೆ."

"ಹೇಳಿದ್ದರೆ? ನಾನು ಹೋದೆ ಅಂತ ಯಾರಾದರೂ ಬಂದು ಹೇಳಿದ್ದರೆ ಏನು ಮಾಡ್ತಿದ್ದೆ?"

ಅವಳು ನಿಜವಾಗಿಯೂ ಯೋಚಿಸಿದಳು. "ಕೈಯಾಡಿಸೋದು ಬಿಟ್ಟು ಬರ್ತಿದ್ದೆ" ಎಂದಳು.

ಭೂಮಿ ಬಿರಿದರೂ ನಿಲ್ಲಿಸಬಾರದು ಎಂದು ಎಮಿಲಿ ಅವಳಿಗೆ ಹೇಳಿದ್ದು ನನ್ನ ಕಿವಿಗೇ ಬಿದ್ದಿತ್ತು. ಸತ್ತು ಕೆಟ್ಟು ನಾನು ಸಂಪಾದಿಸಿದ್ದು ಒಟ್ಟಿನಲ್ಲಿ ಅಷ್ಟು, ಒಂದು ಬಾಣಲೆ ಹಿಟ್ಟು ಸೀದುಹೋಗುವಷ್ಟು. ರೇಗೋಣ ಎಂದುಕೊಂಡೆ, ಯಾಕೋ ಆಗಲಿಲ್ಲ. ಮಾತ್ರೆ ನುಂಗಿದೆ.